ಕಾಕಾ ಹಸನ ಮಾಡಿದ ಪ್ರೋಗ್ರಾಮು

ಎರಡು ಸಲ ಮ್ಯಾಟ್ರಿಕ್ ಫೇಲಾದ ನನಗೆ ಅಣ್ಣಿಗೇರಿಯಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕಂಪ್ಯೂಟರ್ ಒತ್ತುವ ಕೆಲಸ ಸಿಕ್ಕಿತ್ತು. ಬಂದವರ ಮುಂದೆ ಆ ಮಷೀನಿಗೆ ಹುಚ್ಚು ಹಿಡಿಸುವುದು ನನ್ನ ಮೋಜು. ಬಿಲ್ ಮಾಡುವ ಪ್ರೋಗ್ರಾಮನ್ನು ಓಡಿಸದೆ, ಪತ್ರ ತೆರೆದಂಗೆ ತೆರೆದರೆ ಮುಗೀತು: ಪರದೆ ತುಂಬ ನಗುವ ಮುಖ, ಇಸ್ಪೀಟಿನ ಆಟೀನು, ನಡುನಡುವೆ ಕುಂಯ್ ಕುಂಯ್ ಸದ್ದು.

"ಏನ್ಲೇ ಇದು?" ಮಾಲೀಕರಾದ ಕಾಕಾ ಗಾಬರಿಯಾದರು.

"ಕಾಳಿನ್ಯಾಗ ಹೊಟ್ಟು ಕೂಡೇತ್ರಿ ಕಾಕಾ," ಅಂದವನೇ ಚಹಾ ಕುಡಿಯಲು ಹೋದೆ.

ತಿರುಗಿ ಬಂದರೆ ಕಾಕಾ ಕೀಲಿ ಒತ್ತುತ್ತ ಕೂತಿದ್ದಾರೆ! ನಾನು ಪತ್ರ ತಿದ್ದುವುದನ್ನು ನೋಡಿ ಕಲಿತಿದ್ದರಂತೆ.

"ಓದಾಕ ಬರೂ ಅಕ್ಷರ ಇಟ್ಟು, ಉಳದದ್ದೆಲ್ಲಾ ತಗದು ಹಸನ ಮಾಡೀನಿ ನೋಡ್ಲೇ!"

ಪ್ರೋಗ್ರಾಮು ಏಳಲೇ ಇಲ್ಲ. ಕಡಲೆ ತೂಗಿಸಿದ ರೈತರು ಹೊರಗೆ, "ಬಿಲ್ ಕೊಡ್ತೀರೊ, ಇಲ್ಲೇ ಮಲಗೂಣೊ?" ಅಂತ ಕೂಗುತ್ತಿದ್ದರು. ನನ್ನ ನೌಕರಿ ಹೋಯಿತು ಅಂದುಕೊಂಡೆ. ಪುಣ್ಯಕ್ಕೆ ಮೂಲ ಫ್ಲಾಪಿ ಕಪಾಟಿನಲ್ಲಿತ್ತು. ಅದರಿಂದ ಮತ್ತೆ ನಕಲು ಹಾಕಿದೆ, ಬಿಲ್ ಸರಸರ ಬಂತು.

"ಮತ್ತ ಹೊಟ್ಟು ತುಂಬಿದೇನ್ಲೇ?"

"ಕಾಕಾ, ಪತ್ರ ಟೆಕ್ಸ್ಟ್ ಫೈಲ್ರಿ, ಮನಷ್ಯಾರು ಓದಾಕ. ಇದು ಬೈನರಿ, ಮಷೀನಷ್ಟ ಓದೂದು. ನಾವು ಅಕ್ಷರ ಅಂತ ನೋಡಿದ್ರ ಹೊಟ್ಟು ಕಾಣತೈತಿ. ಮಷೀನಿಗೆ ಅದ ಕಾಳು."

ಬಾಗಿಲಲ್ಲಿ ನಿಂತಿದ್ದ ರೈತನೊಬ್ಬ ಇದನ್ನು ಕೇಳಿಸಿಕೊಂಡ. ಹೊಟ್ಟಿದೆಯೆಂದು ಕಾಕಾ ಅವನ ಕಡಲೆಯ ತೂಕದಲ್ಲಿ ಒಂದಿಷ್ಟು ಮುರಿದುಕೊಂಡಿದ್ದರು.

"ಹಂಗಾರ ನಂದೂ ಬೈನರಿ ಕಡ್ಲಿ ಅಂತ ಬರಕೋರಿ ಸಾವ್ಕಾರ!"

ಆ ಹಂಗಾಮು ಮುಗಿಯುವ ತನಕ ನಮ್ಮ ಅಂಗಡಿಗೆ ಬಂದ ಹೊಲಸು ಕಡಲೆಯೆಲ್ಲ ಬೈನರಿಯೇ.