‘ಬೇವಿನ’ ಎಂಬ ಪದ ಬಿಟ್ಟುಹೋದ ಬಗ್ಗೆ

ನಾನು ಈವರೆಗೆ ಬರೆದಿರುವುದೆಲ್ಲವೂ ಬೇರೆಯವರ ಸಹಿಗಾಗಿ. ಬಳ್ಳಾರಿಯ ಒಂದು ಕಚೇರಿಯಲ್ಲಿ ಕರಡು ಪತ್ರಗಳನ್ನು ಸಿದ್ಧಪಡಿಸುವುದು, ಬೆರಳಚ್ಚಾದ ಪ್ರತಿಯನ್ನು ಕರಡಿನೊಂದಿಗೆ ಹೋಲಿಸಿ ನೋಡುವುದು, ಆ ಬಳಿಕ ಮೇಲಧಿಕಾರಿಗಳ ಮುಂದೆ ಇಡುವುದು ನನ್ನ ಕೆಲಸ. ಒಂದು ಪದ ಬಿಟ್ಟುಹೋದರೆ ಆದೇಶದ ಅರ್ಥವೇ ಬದಲಾಗುತ್ತದೆ ಎಂದು ಹೊಸಬರಿಗೆ ಹೇಳಿಕೊಡುವವನೂ ನಾನೇ. ಸ್ವಂತಕ್ಕೆಂದು ಬರೆಯುವ ಅಭ್ಯಾಸ ನನಗಿಲ್ಲ. ಆದ ಕಾರಣ ನನಗೆ ತಿಳಿದಿರುವ ರೀತಿಯಲ್ಲಿಯೇ, ನಡೆದ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ. ಓದುಗರು ತಪ್ಪುಗಳನ್ನು ಮನ್ನಿಸಬೇಕು. ಭಾಷೆಯ ತಪ್ಪುಗಳನ್ನು ಮಾತ್ರ.

ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಇರುತ್ತೇವೆ. ಮುಂದಿನ ಕೋಣೆಯಲ್ಲಿ ಆಕೆ ಜಂಪರು ಹೊಲಿಯುತ್ತಾಳೆ. ಏಳು ವರ್ಷಗಳ ಹಿಂದೆ ದಾರ, ಗುಂಡಿ ತರಲು ಕೌಲ್ ಬಜಾರಿಗೆ ಹೋದವಳು ಬರುವಾಗ ಅದೇ ಚೀಲದಲ್ಲಿ ಕಂದು ಬಣ್ಣದ ಒಂದು ಹೆಣ್ಣು ನಾಯಿಮರಿಯನ್ನೂ ತಂದಳು. ಅದು ಬೆಳೆದದ್ದು ಹೊಲಿಗೆ ಯಂತ್ರದ ಕೆಳಗೆ. ಕಾಲಿನಿಂದ ತುಳಿಯುವ ಪಟ್ಟಿಯ ಅಂಚಿಗೆ ಗದ್ದವಿಟ್ಟು ಮಲಗುತ್ತಿತ್ತು; ಹೊಲಿಗೆ ನಡೆದಷ್ಟು ಹೊತ್ತು ಅದರ ತಲೆ ಮೇಲೆ ಕೆಳಗೆ ಆಡುತ್ತಿತ್ತು. ಹೊಲಿಗೆ ನಿಂತರೆ ಕಣ್ಣು ತೆರೆದು ನೋಡುತ್ತಿತ್ತು.

ಜಂಪರು ಕೊಡಲು ಬರುವ ಹೆಂಗಸರು ತಮಾಷೆ ಮಾಡುತ್ತಿದ್ದರು. “ಏನವಾ, ನಿನ್ನ ಹೆಲ್ಪರ್‌ಗೆ ಪಗಾರ ಎಷ್ಟ್ ಕೊಡ್ತಿ?”

“ದಿನಾ ಎರಡ್ ರೊಟ್ಟಿ. ನಿಮ್ಮಂಗ ಉದ್ರಿ ಹೇಳಂಗಿಲ್ಲ ಅದು,” ಎಂದು ನನ್ನ ಹೆಂಡತಿ ದಾರ ಕಚ್ಚಿ ಹರಿಯುತ್ತ ಉತ್ತರಿಸುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ನಾಯಿಗೆ ರಕ್ತ ಹೀರುವ ಉಣ್ಣೆ ಹುಳಗಳು ಹತ್ತಿದವು. ಮೊದಲು ಕಿವಿಯಲ್ಲಿ ನಾಲ್ಕಾರು ಇದ್ದವು. ನಂತರ ಕಾಲ್ಬೆರಳ ಸಂದುಗಳಲ್ಲಿ, ಕೊರಳ ಪಟ್ಟಿಯ ಕೆಳಗೆ ಕಂಡವು. ಕೊನೆಗೆ ಗೋಡೆ ಏರತೊಡಗಿದವು. ಮೇಲಿನ ಮಹಡಿಯಲ್ಲಿರುವ ಮನೆಯ ಒಡತಿ ಒಂದು ಉಣ್ಣೆಯನ್ನು ಕಾಗದದಲ್ಲಿ ಮಡಿಚಿಕೊಂಡು ಬಂದು ತೋರಿಸಿದರು. “ನಮ್ಮ ಗ್ವಾಡಿಗೆ ಹತ್ತ್ಯಾವ ನೋಡ್ರಿ. ಮಗಳು ಬಾಣಂತನಕ್ಕ ಬರಾಕಿದಾಳ. ನಾಯಿನರ ಕಳಸ್ರಿ, ಮನಿನರ ಬಿಡ್ರಿ.”

ಮದುವೆಗಳ ಕಾಲವಾಗಿದ್ದುದರಿಂದ ಹೆಂಡತಿಗೆ ಯಂತ್ರ ಬಿಟ್ಟು ಏಳಲು ಆಗುತ್ತಿರಲಿಲ್ಲ. ನಾನೊಬ್ಬನೇ ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಪಾರ್ವತಿನಗರದ ಕಡೆಗಿರುವ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದೆ. ಗಾಜಿನ ಬಾಗಿಲು, ತಂಪು ಗಾಳಿ. ನಮಗಿಂತ ಮೊದಲು ಬಂದಿದ್ದ ನಾಯಿಗಳ ಕೂದಲು ಬಾಚಲಾಗಿತ್ತು. ವೈದ್ಯೆ ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರು. ನಾಯಿಯ ಕಣ್ಣರೆಪ್ಪೆ ಬಿಡಿಸಿ, ಒಸಡು ಒತ್ತಿ ನೋಡಿದರು.

“ರಕ್ತ ಕಡಿಮೆ ಇದೆ. ಉಣ್ಣೆಯಿಂದ ಬರೋ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸೋಣ. ಉಣ್ಣೆಗೆ ಒಂದು ಮಾತ್ರೆ ಇದೆ, ಒಂದು ಸಲ ಕೊಟ್ಟರೆ ಸಾಕು.”

ಮಾತ್ರೆಯ ಬೆಲೆ ಕೇಳಿದೆ. ಹೇಳಿದರು. ಪರೀಕ್ಷೆಯ ದರವನ್ನೂ ಕೇಳಿದೆ. ಎರಡನ್ನೂ ಕೂಡಿಸಿಕೊಂಡೆ. ನನ್ನ ಬಳಿ ಹಣವಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಹಣ ಜೇಬಿನಲ್ಲಿಯೇ ಇತ್ತು. ನಾಯಿಗೆ ಇಷ್ಟು ಖರ್ಚೇ ಎಂಬ ವಾಕ್ಯವೂ ತಲೆಯಲ್ಲಿತ್ತು. ನನ್ನ ಸ್ವಂತ ಜ್ವರಕ್ಕೆ ನಾನು ಅಷ್ಟು ಬೆಲೆಯ ಮಾತ್ರೆ ನುಂಗಿದವನಲ್ಲ.

“ಇದಕ್ಕಿಂತ ಕಡಿಮೆಯದು ಏನಾದರೂ ಇದೆಯಾ ಮೇಡಂ?” ಎಂದೆ.

ಅವರು ಬೇಸರಪಡಲಿಲ್ಲ. “ಬೇವಿನ ಎಣ್ಣೆ ಹಚ್ಚಿ. ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಆದರೆ ಮುಂದಿನ ವಾರ ಖಂಡಿತ ಕರ್ಕೊಂಡು ಬನ್ನಿ, ರಕ್ತ ನೋಡಲೇಬೇಕು,” ಎಂದರು. ಏನಾದರೂ ಆದರೆ ಫೋನ್ ಮಾಡಿ ಎಂದು ಚೀಟಿಯ ಮೇಲೆ ನಂಬರು ಬರೆದುಕೊಟ್ಟರು.

ಮನೆಗೆ ಬಂದು ಹೆಂಡತಿಗೆ, “ಗುಳಿಗಿ, ರಕ್ತ ಪರೀಕ್ಷೆ ಏನೂ ಬೇಕಾಗಿಲ್ಲಂತ. ಬೇವಿನ ಎಣ್ಣಿ ಸಾಕಂದ್ರು,” ಎಂದು ತಿಳಿಸಿದೆ. ಆಕೆ ನಂಬಿದಳು. ವೈದ್ಯರು ಹೇಳಿದ್ದನ್ನು ನಾನು ತಿದ್ದಿ ಹೇಳಬಹುದು ಎಂಬ ಅನುಮಾನ ಆಕೆಗೆ ಬರಲು ಕಾರಣವಿರಲಿಲ್ಲ.

ಉಣ್ಣೆ ಕಡಿಮೆಯಾಗುವವರೆಗೆ ನಾಯಿಯನ್ನು ಕುರುಗೋಡಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಬಿಡುವುದೆಂದು ತೀರ್ಮಾನವಾಯಿತು. ಶನಿವಾರ ಸಂಜೆ ಕರೆದೊಯ್ದು ಬಿಟ್ಟು ಬಂದೆ. ಭಾವ ಮೆಣಸಿನಕಾಯಿ, ಹತ್ತಿ ಬೆಳೆಯುವವರು. ಮನೆಯಲ್ಲಿ ಎತ್ತು, ಎಮ್ಮೆ ಇವೆ. “ಬಿಡಪಾ, ಇಷ್ಟ್ ದನದಾಗ ಇದೊಂದು ಭಾರ ಆಗ್ತೈತೇನು?” ಎಂದು ನಾಯಿಯ ಹಗ್ಗ ಅವರೇ ಇಸಿದುಕೊಂಡರು. ಹೆಂಡತಿ ಕೊಟ್ಟಿದ್ದ ಬೇವಿನ ಎಣ್ಣೆಯ ಬಾಟಲಿ ಮಾತ್ರ ಅಂದು ನನ್ನ ಕಚೇರಿಯ ಚೀಲದಲ್ಲಿಯೇ ಉಳಿಯಿತು. ಅದನ್ನು ಇಳಿಸಲು ಮರೆತಿದ್ದೆ.

ಭಾನುವಾರ ಮುಂಜಾನೆ ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಅಕ್ಕನ ಫೋನು ಬಂತು.

“ತಮ್ಮಾ, ಉಣ್ಣಿ ಬಾಳ ಅದಾವಲ್ಲೋ. ಏನ್ ಮಾಡ್ಲಿ ಇದಕ್ಕ?”

“ಎಣ್ಣಿ ಹಚ್ಚು ಅಕ್ಕಾ. ಡಾಕ್ಟ್ರು ಹೇಳ್ಯಾರ. ಕಿವಿ ಸಂದ್ಯಾಗ, ಬೆರಳ ಸಂದ್ಯಾಗ, ಪೂರಾ ಮೈಗೆ ಹಚ್ಚು.”

“ಡಾಕ್ಟ್ರು ಹೇಳ್ಯಾರಂದ್ರ ಆತು. ಮನ್ಯಾಗ ಐತಿ, ನಿಮ್ಮ ಭಾವಗ ಹೇಳಿ ಹಚ್ಚಿಸ್ತೀನಿ.”

ಬೇವಿನ ಎಣ್ಣೆ ಯಾವ ಮನೆಯಲ್ಲಿ ಇರುವುದಿಲ್ಲ ಎಂದುಕೊಂಡು ನಾನು ಗಡ್ಡ ಬೋಳಿಸುವುದನ್ನು ಮುಂದುವರಿಸಿದೆ.

ಮಧ್ಯಾಹ್ನದ ಊಟಕ್ಕೆ ಕೂರುವ ಮುನ್ನ ಭಾವನ ಫೋನು ಬಂತು. ಅವರ ಉಸಿರು ಕೇಳಿಸುತ್ತಿತ್ತು. “ನಾಯಿ ಬಾಯಾಗ ಜೊಲ್ಲು ಸುರಿಯಾಕತ್ತೈತಿ. ಮೈಯೆಲ್ಲ ನಡಗತೈತಿ. ಕಾಲ್ ಊರಾಕ ಆಗವಲ್ದು.” ಕೂಡಲೇ ಚೀಟಿ ತೆಗೆದು ವೈದ್ಯೆಗೆ ಕರೆ ಮಾಡಿದೆ. ಅವರು ಸಂಬಂಧಿಕರ ಮದುವೆಗೆಂದು ಊರಿಗೆ ಹೋಗಿದ್ದರು. ಹಿಂದೆ ಓಲಗ ಕೇಳುತ್ತಿತ್ತು. ಲಕ್ಷಣಗಳನ್ನು ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು.

“ಹಚ್ಚಿದ್ದು ಬೇವಿನ ಎಣ್ಣೆ ತಾನೇ?”

ಈ ಹಂತದಲ್ಲಿ ಒಂದು ವಿವರಣೆ ಅಗತ್ಯ. ನಮ್ಮ ಸೀಮೆಯ ಹೊಲಗಳಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೂ ಎಣ್ಣಿ ಎಂದೇ ಹೆಸರು. ಎಣ್ಣಿ ಹೊಡೆಯುವುದೆಂದರೆ ಔಷಧ ಸಿಂಪಡಿಸುವುದು; ಎಣ್ಣಿ ಕುಡಿದ ಎಂದರೆ ಅವನು ಬದುಕಿದನೋ ಇಲ್ಲವೋ ಎಂದು ಕೇಳುವುದು. ಅಡುಗೆಯ ಎಣ್ಣೆಗೂ ಅದೇ ಪದ, ತಲೆಗೆ ಹಚ್ಚುವುದಕ್ಕೂ ಅದೇ ಪದ. ಯಾವುದೆಂಬುದು ಮಾತಿನ ಸಂದರ್ಭದಿಂದ ತಿಳಿಯುತ್ತದೆ. ಹುಳ ಸಾಯಿಸಲು ಎಣ್ಣಿ ಎಂದು ಹೇಳಿದರೆ, ಹುಟ್ಟಿದಂದಿನಿಂದ ಹೊಲ ಮಾಡಿದ ಮನುಷ್ಯನಿಗೆ ತಿಳಿಯುವುದು ಒಂದೇ. ನಾನೂ ಕುರುಗೋಡಿನಲ್ಲಿಯೇ ಹುಟ್ಟಿದವನು. ನನಗೆ ತಿಳಿದಿರಲಿಲ್ಲ ಎಂದು ಹೇಳುವಂತಿಲ್ಲ. ಹಚ್ಚಿದ್ದು ಹೊಲದ ಎಣ್ಣೆಯೇ ಇರಬೇಕು ಎಂದು ವೈದ್ಯೆಗೆ ಹೇಳಿದೆ.

“ಸೋಪು ಹಾಕಿ ಮೈ ತೊಳೆಯೋಕೆ ಹೇಳಿ. ವಿಷ ಇಳಿಸೋ ಅಟ್ರೊಪಿನ್ ಇಂಜೆಕ್ಷನ್ ಯಾರ ಹತ್ತಿರ ಇದೆಯೋ ಅಲ್ಲಿಗೆ ತಗೊಂಡು ಹೋಗಿ, ತಡ ಮಾಡಬೇಡಿ,” ಎಂದರು ವೈದ್ಯೆ.

ಭಾವನಿಗೆ ಹೇಳಿದೆ. ಅವರು ಅಷ್ಟರಲ್ಲಿಯೇ ನಾಯಿಯನ್ನು ಗೋಣಿಯಲ್ಲಿ ಸುತ್ತಿ ಟೆಂಪೊ ಹತ್ತಿಸಿದ್ದರು. “ಭಾನುವಾರ ಬಳ್ಳಾರ್ಯಾಗ ಯಾರ್ ಸಿಗ್ತಾರ? ಸಿರುಗುಪ್ಪದ ಡಾಕ್ಟ್ರ ಹಂತ್ಯಾಕ ಒಯ್ತೀನಿ. ಎಣ್ಣಿ ಕುಡಿದಿದ್ದ ನಮ್ಮ ಎತ್ತು ಉಳಿಸ್ಯಾರ ಅವ್ರು. ನೀವೂ ಬರ್ರಿ ಅಲ್ಲಿಗೆ.”

ನಾನೂ ಹೆಂಡತಿಯೂ ಸಿರುಗುಪ್ಪದ ಬಸ್ಸು ಹತ್ತಿದೆವು. ಏನಾಯಿತೆಂದು ಆಕೆ ಕೇಳಿದಳು. “ಬೇವಿನ ಎಣ್ಣಿ ಬದಲಿ ಹೊಲದ ಎಣ್ಣಿ ಹಚ್ಚ್ಯಾರಂತ,” ಎಂದೆ. ಕಚೇರಿ ಭಾಷೆಯಲ್ಲಿ ನಮಗೆ ಒಂದು ಅನುಕೂಲವಿದೆ. ಕ್ರಮ ಕೈಗೊಳ್ಳಲಾಗಿದೆ, ವಿಳಂಬವಾಗಿದೆ, ಲೋಪ ಉಂಟಾಗಿದೆ ಎಂದು ಬರೆದರೆ ಮಾಡಿದವರು ಯಾರೆಂದು ಹೇಳಬೇಕಾಗಿಲ್ಲ. ಅಂದು ಬಸ್ಸಿನಲ್ಲಿ ನಾನು ಆ ಅನುಕೂಲವನ್ನು ಮನೆಯ ಮಾತಿಗೂ ಬಳಸಿಕೊಂಡೆ. “ಅಣ್ಣಗ ಅಷ್ಟೂ ತಿಳಿಲಿಲ್ಲೇನು?” ಎಂದು ಆಕೆ ಕಿಟಕಿಯ ಕಡೆ ತಿರುಗಿದಳು. ಭಾವನನ್ನು ಆಕೆ ಅಣ್ಣ ಎಂದೇ ಕರೆಯುತ್ತಿದ್ದಳು.

ಸಿರುಗುಪ್ಪದ ವೈದ್ಯರು ನಿವೃತ್ತರು. ಮನೆಯ ಕಟ್ಟೆಯ ಮೇಲೆಯೇ ದನಗಳನ್ನು ನೋಡುತ್ತಾರೆ. ನಾವು ಹೋದಾಗ ಅವರು ಬನಿಯನ್ನು, ಲುಂಗಿಯಲ್ಲಿ ನಾಯಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ನಾಯಿ ಒದ್ದೆ ಗೋಣಿಯ ಮೇಲೆ ಬಿದ್ದಿತ್ತು. ಚರ್ಮದ ಕೆಳಗೆ ಮಾಂಸ ಅಲ್ಲಲ್ಲಿ ತಾನಾಗಿಯೇ ಕುಣಿಯುತ್ತಿತ್ತು. ಕಣ್ಣ ಪಾಪೆಗಳು ಸೂಜಿಯ ಮೊನೆಯಷ್ಟಾಗಿದ್ದವು. ಹೆಂಡತಿ ಅದರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

“ಯಾರ್ ಹಚ್ಚಿದ್ದು?” ವೈದ್ಯರು ಸೂಜಿ ಚುಚ್ಚುತ್ತಲೇ ಕೇಳಿದರು.

“ನಾನಾ ರೀ,” ಎಂದರು ಭಾವ.

“ಎಷ್ಟ್ ನೀರಿಗೆ ಎಷ್ಟ್ ಹಾಕಿದ್ದಿ?”

“ನೀರ್ ಹಾಕಿಲ್ರಿ. ಹೊಡಿ ಅಂದಿದ್ರ ನೀರ್ ಕಲಸ್ತಿದ್ದೆ. ಹಚ್ಚು ಅಂದ್ರು, ಹಂಗಾ ಹಚ್ಚಿದೆ.”

“ಯಾರ್ ಅಂದ್ರು ನಿನಗ?”

ಭಾವ ತಲೆಯೆತ್ತಿ ನನ್ನನ್ನು ನೋಡಿದರು. ಬಳಿಕ ನನ್ನ ಹೆಂಡತಿಯನ್ನು, ಆಕೆಯ ತೊಡೆಯ ಮೇಲಿದ್ದ ತಲೆಯನ್ನು ನೋಡಿದರು. “ಯಾರಿಲ್ರಿ. ನನ್ನ ಶಾಣ್ಯಾತನ,” ಎಂದರು.

ನಾನು ಬಾಯಿ ತೆರೆಯಬೇಕಾಗಿದ್ದ ಸ್ಥಳ ಅದು. ತೆರೆಯಲಿಲ್ಲ.

ವೈದ್ಯರು ದನಗಳಿಗೆಂದು ಇಟ್ಟಿದ್ದ ಔಷಧ ಮುಗಿಯಿತು. ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಭಾವ ಮನುಷ್ಯರ ಔಷಧ ಅಂಗಡಿಗೆ ಓಡಿ, ಅಲ್ಲಿ ಸಿಕ್ಕಷ್ಟು ತಂದರು. ಅದನ್ನೂ ಕೊಟ್ಟದ್ದಾಯಿತು. ನಾಯಿ ಒಮ್ಮೆ ಚೇತರಿಸಿಕೊಂಡಂತೆ ಕತ್ತು ಎತ್ತಿತು. ಮತ್ತೆ ಉಸಿರು ಗೊರಗೊರ ಎನ್ನತೊಡಗಿತು.

“ಆಕ್ಸಿಜನ್ ಬೇಕು ಇದಕ್ಕ. ನನ್ನ ಹಂತ್ಯಾಕ ಅಂಥಾದ್ದೇನೂ ಇಲ್ಲವ್ವಾ,” ಎಂದರು ವೈದ್ಯರು ನನ್ನ ಹೆಂಡತಿಗೆ. “ಮೈಯಾಗ ರಕ್ತಾನೂ ಇಲ್ಲ. ಒಸಡು ನೋಡು, ಸುಣ್ಣ ಆಗೇತಿ. ರಕ್ತ ಇದ್ದಿದ್ರ ಇನ್ನಷ್ಟ್ ತಡೀತಿತ್ತು. ಯಾಕ್ ತೋರಿಸಿಲ್ಲ?”

“ತೋರಿಸೀವ್ರಿ. ಪರೀಕ್ಷೆ ಬೇಕಾಗಿಲ್ಲ ಅಂದ್ರಂತ.”

ವೈದ್ಯರು ಮತ್ತೆ ನಾಯಿಯ ಎದೆಗೆ ಕಿವಿಯಿಟ್ಟರು. ಬಿಸಿಲು ಕಟ್ಟೆಯಿಂದ ಇಳಿಯುವ ಮೊದಲೇ ನಾಯಿಯ ಉಸಿರು ನಿಂತಿತು. ವೈದ್ಯರು ಹಣ ಮುಟ್ಟಲಿಲ್ಲ. ಭಾವ ತಮ್ಮ ಹೊಲದ ಬದುವಿನಲ್ಲಿ ಹೂಳೋಣ ಎಂದರು. “ಆ ಹೊಲದಾಗ ಬ್ಯಾಡ,” ಎಂದಳು ಹೆಂಡತಿ. ಕಾಲುವೆಯ ದಂಡೆಯಲ್ಲಿ, ಗುರುತಿಗೆ ಒಂದು ಗಿಡವೂ ಇಲ್ಲದ ಜಾಗದಲ್ಲಿ ಹೂಳಿದೆವು. ಗುದ್ದಲಿ ಹಿಡಿದವರು ಭಾವ.

ಅಂದಿನಿಂದ ಆಕೆ ಭಾವನೊಂದಿಗೆ ಮಾತು ಬಿಟ್ಟಳು. ನಾನು ಫೋನಿನಲ್ಲಿ ಬೇವಿನ ಎಣ್ಣೆ ಎಂದೇ ಹೇಳಿದ್ದೆನೆಂದೂ, ಭಾವ ಗಮನವಿಲ್ಲದೆ ಕೈಗೆ ಸಿಕ್ಕಿದ್ದನ್ನು ಹಚ್ಚಿದರೆಂದೂ ಆಕೆಯ ತಿಳುವಳಿಕೆ. ನಾನು ಅದನ್ನು ತಿದ್ದಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ನಾಲ್ಕು ತಿಂಗಳು ಕಳೆದವು. ಹಬ್ಬಕ್ಕೆಂದು ಭಾವ ಬಾಗಿಲವರೆಗೆ ಬಂದಾಗ ಆಕೆ ಯಂತ್ರದ ಸದ್ದು ನಿಲ್ಲಿಸಲಿಲ್ಲ. ಅವರು ನೀರೂ ಕುಡಿಯದೆ ಹೋದರು. ಅಕ್ಕನೂ ನನ್ನ ಹೆಸರು ಹೇಳಿ ನನ್ನ ಮನೆ ಒಡೆಯಲಿಲ್ಲ; ಹೇಳಬೇಡವೆಂದು ಭಾವನೇ ಆಕೆಯನ್ನು ತಡೆದಿದ್ದರಂತೆ.

ಒಂದು ದಿನ ಅಕ್ಕ ಮೂರು ಜಂಪರಿನ ಬಟ್ಟೆ ಕಳಿಸಿದಳು. ಹೆಂಡತಿ ಚೀಲವನ್ನು ಬಿಚ್ಚದೆಯೇ ನನ್ನ ಕೈಗೆ ಕೊಟ್ಟಳು. “ಆ ಮನಿ ಬಟ್ಟಿ ನಾನು ಹೊಲಿಯಂಗಿಲ್ಲ. ಒಯ್ದು ಕೊಟ್ಟು ಬರ್ರಿ.” ಆ ಚೀಲ ಹಿಡಿದು ಅಕ್ಕನ ಬಾಗಿಲಿಗೆ ಹೋಗಿ ನಿಲ್ಲುವ ಶಕ್ತಿ ನನಗಿರಲಿಲ್ಲ. ಅಲ್ಲಿಯೇ ಹೊಸ್ತಿಲ ಬಳಿ ಕುಳಿತು, ಆ ಭಾನುವಾರ ಅಕ್ಕನಿಗೆ ಫೋನಿನಲ್ಲಿ ನಾನು ಹೇಳಿದ್ದನ್ನು ಹೇಳಿದಂತೆಯೇ ಹೆಂಡತಿಗೆ ಹೇಳಿದೆ.

ಆಕೆ ಅಳಲಿಲ್ಲ. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, “ಗುಳಿಗಿ?” ಎಂದಳು.

ಅದನ್ನೂ ಹೇಳಿದೆ. ಪರೀಕ್ಷೆಯ ವಿಷಯವನ್ನೂ ಹೇಳಿದೆ.

“ಎಷ್ಟಿತ್ತು ಎರಡೂ ಕೂಡಿ?”

ಹೇಳಿದೆ.

“ಒಂದ್ ವಾರ ಹೊಲಿದಿದ್ರ ಬರ್ತಿತ್ತು,” ಎಂದಳು. “ನನ್ನ ಕೇಳಿದ್ರ ಆಗ್ತಿತ್ತಲ್ರಿ.”

ಅಂದೇ ಕುಳಿತು ಮೂರೂ ಜಂಪರು ಹೊಲಿದಳು. ಮರುದಿನ ಮುಂಜಾನೆ ಅವನ್ನು ಮಡಿಚಿಟ್ಟುಕೊಂಡು ಕುರುಗೋಡಿನ ಬಸ್ಸಿಗೆ ಹೊರಟಳು. ನಾನೂ ಚಪ್ಪಲಿ ಮೆಟ್ಟಿದೆ. “ನೀವ್ ಬರಬ್ಯಾಡ್ರಿ,” ಎಂದಳು.

ಮಧ್ಯಾಹ್ನ ಕಚೇರಿಗೆ ಭಾವನ ಫೋನು ಬಂತು. ಕ್ಷಮೆ ಕೇಳಲು ನಾನು ಸಿದ್ಧಪಡಿಸಿಕೊಂಡಿದ್ದ ವಾಕ್ಯವನ್ನು ಅವರು ಕೇಳಿಸಿಕೊಳ್ಳಲಿಲ್ಲ.

“ಯಾಕ್ ಹೇಳಿದ್ಯಪಾ?” ಎಂದರು. “ಬಾಳ ಅತ್ತಳು ಇಲ್ಲಿ. ನನ್ನ ಮ್ಯಾಗ ಇದ್ದಿದ್ರ ಏನಾಗ್ತಿತ್ತು? ನನ್ನ ಮುಖ ವರ್ಷಕ್ಕ ನಾಕ್ ಸಲ ನೋಡಾಕಿ. ನಿನ್ನ ಮುಖ ದಿನಾ ನೋಡಬೇಕಲ್ಲೋ ಆಕಿ.”

ಅವರೇ ಫೋನು ಇಟ್ಟರು.

ಆಕೆ ಸಂಜೆಯ ಬಸ್ಸಿಗೆ ಮರಳಿದಳು. ಎಂದಿನಂತೆ ಊಟಕ್ಕೆ ಬಡಿಸಿದಳು. ಮಾತು ಬಿಟ್ಟಿಲ್ಲ, ಬೈದೂ ಇಲ್ಲ. ಆದರೆ ಅಂದಿನಿಂದ ನಾನು ಹೊರಗಿನಿಂದ ಯಾವ ಸುದ್ದಿ ತಂದರೂ, ನಾಳೆ ನೀರು ಬಿಡುವುದಿಲ್ಲವಂತೆ ಎಂದರೂ, ಆಕೆ ಕೈಯಲ್ಲಿನ ಕೆಲಸ ನಿಲ್ಲಿಸುತ್ತಾಳೆ. “ಯಾರ್ ಅಂದ್ರು? ಹೆಂಗ ಅಂದ್ರು? ಅವ್ರು ಅಂದಂಗಾ ಹೇಳ್ರಿ,” ಎನ್ನುತ್ತಾಳೆ. ನಾನು ಅವರು ಹೇಳಿದಂತೆಯೇ, ಒಂದು ಪದವೂ ಬಿಡದೆ ಹೇಳುತ್ತೇನೆ. ಆಕೆ ಕೇಳಿಸಿಕೊಂಡು, ಎದ್ದು ಹೋಗಿ ಪಕ್ಕದ ಮನೆಯವರನ್ನು ಮತ್ತೊಮ್ಮೆ ಕೇಳಿ ಬರುತ್ತಾಳೆ.