ಎಡೆಗೆ ಇಟ್ಟ ಕರಿ ಬೀರು

ಸರ್ಕಾರ ಸಾರಾಯಿ ಅಂಗಡಿ ಮುಚ್ಚಿಸಿದ ವರ್ಷವೇ ನಮ್ಮನೆಯವರಿಗೆ ಮೊದಲ ಎಡೆ ಬಂತು. ಪಕ್ಷದ ಹಬ್ಬದಲ್ಲಿ ಸತ್ತವರು ಇಷ್ಟಪಟ್ಟು ತಿಂದದ್ದು, ಕುಡಿದದ್ದು ಎಲ್ಲ ಬಡಿಸಿಟ್ಟು, ಬಾಗಿಲು ಮುಚ್ಚಿ ನಾವು ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಕಡುಬು, ಕೋಳಿಸಾರು, ಬೀಡಿ ಕಟ್ಟು ಎಲ್ಲಾ ಇತ್ತು. ಸಾರಾಯಿ ಒಂದಿಲ್ಲ. ಕಾಡಿನ ಕಡೆ ಕಳ್ಳಬಟ್ಟಿ ಸಿಗುತ್ತೆ ಅಂದರು ಯಾರೋ. ಬದುಕಿದ್ದವರನ್ನು ಕೊಲ್ಲುವ ನೀರು ಸತ್ತವರಿಗೂ ಬೇಡ ಅಂದೆ. ಬ್ರಾಂದಿ ಇಡೋಣ ಅಂದಳು ಸೊಸೆ. ಬ್ರಾಂದಿ ಮೂಸಿದರೇ ಮುಖ ತಿರುಗಿಸುತ್ತಿದ್ದ ಮನುಷ್ಯ ಅವರು.

ನನ್ನ ಮಗನಿಗಂತೂ ಇದೇ ಯೋಚನೆ. ಬೇಸಿಗೆಯಲ್ಲಿ ಕಾಮಾಲೆ ತಿರುಗಿ ಮಲಗಿದ್ದ ಅಪ್ಪ ಕೊನೇ ಮೂರು ದಿನ ಇವನನ್ನೇ ಕೇಳಿದ್ದರು, 'ಒಂದು ಗುಟುಕು ಹಾಕೋ ಮಗ.' ಅಂಗಡಿ ಆಗ ತೆರೆದೇ ಇತ್ತು. ಇವನು ಕೊಡಲಿಲ್ಲ. ಅವರು ಕೇಳುತ್ತಲೇ ಹೋದರು. ಅವತ್ತಿಂದ ಇವನು ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ.

ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದ ಅವನು ಹಬ್ಬದ ಬೆಳಿಗ್ಗೆ ಟವೆಲಿನಲ್ಲಿ ಸುತ್ತಿದ ಬಾಟಲಿ ತಂದ. ಕಾಫಿ ಕೊಳ್ಳಲು ಬಂದ ಫಾರಿನ್ನವರು ಧಣಿಗೆ ಕೊಟ್ಟದ್ದಂತೆ. ಧಣಿಗೆ ಸೇರದೆ ಇವನ ಕೈಗೆ ಹಾಕಿದರಂತೆ.

'ಬೀರು ಕಣವ್ವ. ವಿಸ್ಕಿ ಇಟ್ಟಿದ್ದ ಮರದ ಪೀಪಾಯೀಲಿ ವರ್ಸಗಟ್ಲೆ ಇಟ್ಟು ತೆಗ್ದಿದ್ದಂತೆ. ಭಾರೀ ಸ್ಟ್ರಾಂಗಂತೆ.'

'ಬೀರಾ? ಅದನ್ನ ನಿಮ್ಮಪ್ಪ ದನದ ಗಂಜಲ ಅಂತಿದ್ರು.'

'ಇದು ಹಂಗಲ್ಲ, ನೋಡು' ಅಂತ ಲೋಟಕ್ಕೆ ಬಗ್ಗಿಸಿದ. ಕಪ್ಪಗೆ, ಕಾಕಂಬಿಯ ಹಾಗೆ ಇಳಿಯಿತು. ನೊರೆಯೂ ಕಂದು.

ಸೊಸೆ ಇಣುಕಿದಳು. 'ಅತ್ತೆ, ಮಾವ ಇದನ್ನ ಡಿಕಾಕ್ಷನ್ನು ಅಂದ್ಕಂಡು ಹಾಲು ಕೇಳ್ತಾರೆ.'

ಮಗ ನಗಲಿಲ್ಲ. 'ಅಪ್ಪ ಒಪ್ಕತ್ತಾರಾ ಅವ್ವ? ಸಾರಾಯಿ ರುಚಿ ನಿಂಗೊತ್ತಲ್ಲ.'

ಗೊತ್ತಿತ್ತು. ನನ್ನ ಬಾಣಂತನದಲ್ಲಿ ಮೈ ಬೆಚ್ಚಗಾಗಲಿ ಅಂತ ನಮ್ಮತ್ತೆ ಕುಡಿಸಿದ್ದರು. ಆಗ ಯಸಳೂರಿನ ಅಂಗಡಿಯಲ್ಲಿ ಮರದ ಪೀಪಾಯಿಯಿಂದ ಅಳೆದು ಕೊಡುತ್ತಿದ್ದರು, ಪ್ಯಾಕೆಟ್ ಆಮೇಲೆ ಬಂದದ್ದು. ಆದರೆ ಎಡೆಗೆ ಇಡುವುದನ್ನು ಮೊದಲೇ ಬಾಯಿಗೆ ಹಾಕುವಂತಿಲ್ಲ, ಎಂಜಲಾಗುತ್ತೆ. ಸೊಸೆ ಸಾರಿನ ಉಪ್ಪು ಕೂಡ ನೋಡಿರಲಿಲ್ಲ.

'ನಲವತ್ತು ವರ್ಸ ಅವರ ಎಂಜಲೆಲೇಲಿ ಉಂಡಿದೀನಿ. ಒಂದಿನ ನನ್ನ ಎಂಜಲು ಅವರು ಕುಡೀಲಿ' ಅಂತ ಲೋಟ ಎತ್ತಿದೆ. ಸೊಸೆ 'ಅಯ್ಯಯ್ಯೋ' ಅಂದಳು.

ಮೊದಲು ಸಿಹಿ, ತಳ ಹತ್ತಿದ ಬೆಲ್ಲದ ಪಾಕದ ಹಾಗೆ. ಆಮೇಲೆ ಕಹಿ, ಹುರಿಯುವಾಗ ಸೀದುಹೋದ ಕಾಫಿ ಬೀಜ ಅಗಿದ ಹಾಗೆ. ನಾಲಿಗೆ ಮೇಲೆ ಎಣ್ಣೆಯಂತೆ ಕೂತುಬಿಟ್ಟಿತು. ಉಗಿಯೋಣ ಅನ್ನಿಸಿತು. ಮಗ ನನ್ನ ಮುಖವನ್ನೇ ನೋಡುತ್ತಿದ್ದ, ನುಂಗಿದೆ. ನುಂಗಿದ ಮೇಲೆ ಹಳೇ ಮರದ ವಾಸನೆ ಮೂಗಿಗೇರಿತು. ಅದರ ಹಿಂದೆಯೇ ಎದೆಯೊಳಗೆ ಬಿಸಿ ಇಳಿಯಿತು. ಬಾಣಂತಿ ಕೋಣೆಯಲ್ಲಿ ಇಳಿದದ್ದೂ ಅದೇ ಬಿಸಿ.

'ಐತೆ ಕಣೋ. ಕೊನೇಲಿ ಐತೆ.'

'ನಿಜ್ವಾಗ್ಲೂ?'

'ಸಾರಾಯಿ ಅಲ್ಲ, ಸಾರಾಯಿ ನೆಂಟ. ಇಡು. ಇನ್ನೊಂದು ಮಾತು ಕೇಳು. ಡಾಕ್ಟ್ರ ಮಾತು ಕೇಳ್ಕಂಡು ಕೊಡಬ್ಯಾಡ ಅಂದೋಳು ನಾನು. ನೀನು ನನ್ನ ಮಾತು ಮೀರಲಿಲ್ಲ ಅಷ್ಟೆ. ಸಿಟ್ಟಿದ್ರೆ ನಿಮ್ಮಪ್ಪ ನನ್ಮೇಲೆ ಮಾಡ್ಕಳ್ಳಿ.'

ಅವನು ಬಾಟಲಿ ಎತ್ತಿಕೊಂಡ. ಲೋಟದ ಅಂಚಿನವರೆಗೆ ನೊರೆ ಬರುವ ಹಾಗೆ ತುಂಬಿಸಿ ಎಲೆಯ ಪಕ್ಕ ಇಟ್ಟ. ಬಾಗಿಲು ಎಳೆದುಕೊಂಡು ಮೂವರೂ ಜಗುಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಉಣ್ಣುತ್ತಿರುವವರಿಗೆ ಗೊತ್ತಾಗಲಿ ಅಂತ ಅವನೇ ಕೆಮ್ಮಿ ಬಾಗಿಲು ತೆರೆದ. ಲೋಟ ಎರಡು ಬೆರಳು ಇಳಿದಿತ್ತು.

'ಅವ್ವಾ, ಕಮ್ಮಿ ಆಗೈತೆ! ಕುಡ್ದವ್ರೆ.'

ನೊರೆ ಇಳಿದರೆ ಅಷ್ಟು ಕಮ್ಮಿಯಾಗೇ ಆಗುತ್ತೆ. ಸೊಸೆ ಹೇಳಲು ಬಾಯಿ ತೆರೆದಳು, ಕಣ್ಣಲ್ಲೇ ಗದರಿದೆ.

'ಕುಡೀದೆ ಇರ್ತಾರಾ? ನಿಮ್ಮಪ್ಪ ಸಿಕ್ಕಿದ್ದು ಯಾವತ್ತು ಬಿಟ್ಟಿದ್ರು? ಕೂತ್ಕೊ, ಉಣ್ಣು.'

ಕೂತ. ಆರು ಕಡುಬು ತಿಂದು ಇನ್ನೂ ಕೈ ಚಾಚಿದ. ಸಾರಿಗೆ ಉಪ್ಪು ಸಾಲದು ಅಂತ ಬೇರೆ ಹೆಂಡತಿಗೆ ರೇಗಿದ.