ಏಳು ತಲೆಮಾರಿನ ಪಾಸ್‌ವರ್ಡ್

ಅನಾರ್ಕಾನ್ ಎಜೆ ನಮ್ಮ ಹಳ್ಳಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ನಮ್ಮ ಭಾಷೆಯಲ್ಲಿ ಎಜೆ ಅಂದರೆ ಅಕ್ಕ. ನನಗೆ ಅವರು ಸೋದರತ್ತೆ, ಆದರೆ ಊರಿನವರೆಲ್ಲ ಕರೆಯುವ ಹಾಗೆ ನಾನೂ ಕರೆಯುತ್ತೇನೆ. ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ಅವರ ಮನೆಯಲ್ಲೇ ಇದ್ದೇನೆ. ಇಲ್ಲಿ ಬರೆದದ್ದರಲ್ಲಿ ನಾನು ಕಣ್ಣಾರೆ ಕಂಡದ್ದು ಕಡಿಮೆ. ಮಿಕ್ಕದ್ದನ್ನು ಎಜೆಯನ್ನೂ ಅವರ ವಿದ್ಯಾರ್ಥಿನಿ ಬೇಗಿಮಾಯ್‌ಯನ್ನೂ ಬೇರೆಬೇರೆಯಾಗಿ ಕೇಳಿ, ಇಬ್ಬರ ಮಾತೂ ಹೊಂದಿದ್ದನ್ನಷ್ಟೇ ಬರೆದಿದ್ದೇನೆ.

ಆ ವರ್ಷ ಹನ್ನೊಂದನೆಯ ತರಗತಿಗೆ ಎಜೆ ಮೊದಲ ಪಾಠವನ್ನು ಬೋರ್ಡಿನ ಮೇಲೆ ಮಾಡಿದರು.

"ನಿಮ್ಮ ಏಳು ತಲೆಮಾರಿನ ತಾತಂದಿರ ಹೆಸರು ಹೇಳ್ರಪ್ಪ."

ನಮ್ಮಲ್ಲಿ ಅದು ತಿಳಿಯದವನನ್ನು ದಿಕ್ಕಿಲ್ಲದವನು ಎನ್ನುತ್ತಾರೆ. ಮಕ್ಕಳು ಎದ್ದೆದ್ದು ನಿಂತು ಎದೆಯುಬ್ಬಿಸಿ ಹೇಳಿದರು. ಎಜೆ ಎಲ್ಲವನ್ನೂ ಬರೆದು, ಸೀಮೆಸುಣ್ಣ ಕೆಳಗಿಟ್ಟರು.

"ಈಗ ಹೇಳಿ, ಇದ್ರಲ್ಲಿ ಯಾವ ತಾತ ನಿಮ್ಮ ಪಾಸ್‌ವರ್ಡು?"

ಹಿಂದಿನ ಬೆಂಚಿನ ಮಿರ್ಲಾನ್ ನಕ್ಕ. "ನಮ್ಮ ಕುಲದೋರಿಗೆಲ್ಲಾ ಬೈತೂರ್ ತಾತನೇ ಪಾಸ್‌ವರ್ಡು ಎಜೆ! ಸತ್ತು ಇನ್ನೂರು ವರ್ಷ ಆಯ್ತು, ಪಾಪ ಇನ್ನೂ ಬಾಗಿಲು ಕಾಯ್ತಿದ್ದಾನೆ."

"ಇಡೀ ಕುಲಕ್ಕೆ ಗೊತ್ತಿರೋ ಹೆಸರು ಬೀಗ ಆಗುತ್ತೇನೋ, ದಡ್ಡ? ಇವತ್ತೇ ಬದಲಾಯಿಸಿ."

ಅದೇ ಕುಲದ ಬೇಗಿಮಾಯ್ ಬದಲಾಯಿಸಿದಳು. ಊಟದ ಹೊತ್ತಿನಲ್ಲಿ ಅದನ್ನು ಮನೆಯಲ್ಲಿ ಹೇಳಿಯೂಬಿಟ್ಟಳು. ಮರುದಿನ ಅವಳ ಅಪ್ಪ ಎಸೆನ್ ಕುದುರೆಯಿಂದಿಳಿದು, ಚಾವಟಿ ಹಿಡಿದೇ ತರಗತಿಗೆ ನುಗ್ಗಿದ.

"ನಮ್ಮ ಹಿರಿಯರ ಹೆಸರು ಅಳಿಸು ಅಂತ ಮಕ್ಕಳಿಗೆ ಹೇಳ್ತೀಯೇನೇ?"

"ಅಳಿಸು ಅಂದಿಲ್ಲ ಎಸೆನ್ ಅಣ್ಣ. ಬೀಗಕ್ಕೆ ಹಾಕಬೇಡಿ ಅಂದೆ."

ಚಾವಟಿ ಅವರ ಕೆನ್ನೆಯಿಂದ ಕತ್ತಿನವರೆಗೆ ಬಿತ್ತು. ಎರಡನೆಯ ಏಟು ಭುಜದ ಮೇಲೆ. ಎಜೆ ಬೋರ್ಡಿಗೆ ಒರಗಿ ನಿಂತರು, ಬೀಳಲಿಲ್ಲ. ಅಂದು ಮಧ್ಯಾಹ್ನ ಬೇಗಿಮಾಯ್ ಅಪ್ಪನ ಮುಂದೆ ಕುಳಿತು ಫೋನಿನಲ್ಲಿ ಬೈತೂರ್‌ನ ಹೆಸರನ್ನೇ ಮತ್ತೆ ಹಾಕಿದಳು.

ಹತ್ತು ದಿನವೂ ಕಳೆದಿರಲಿಲ್ಲ. ಶಾಲೆ ಬಿಟ್ಟ ಹೊತ್ತು, ಗೇಟಿನ ಪಕ್ಕ ಒಂದು ಬಿಳಿ ಕಾರು ಬಂದು ನಿಂತಿತು. ನಾಲ್ವರು ಇಳಿದರು. ಬೇಗಿಮಾಯ್‌ಯನ್ನು ಸೊಂಟಕ್ಕೆ ಹಿಡಿದು ಎತ್ತಿದರು. ಅವಳು ಕಚ್ಚಿದಳು, ಪರಚಿದಳು, ಒಬ್ಬನ ಕಿವಿಯಲ್ಲಿ ರಕ್ತ ಬಂತು. ಅವರು ನಗುತ್ತಿದ್ದರು. ನಮ್ಮಲ್ಲಿ ಹುಡುಗಿಯನ್ನು ಹೀಗೆ ಹೊತ್ತುಕೊಂಡು ಹೋಗಿ ಮದುವೆಯಾಗುವ ರೂಢಿಯಿದೆ. ಒಪ್ಪಿದ ಹುಡುಗಿಯೂ ಅಳಬೇಕು, ಒದೆಯಬೇಕು, ಇಲ್ಲದಿದ್ದರೆ ನಾಚಿಕೆಗೇಡಿ ಎನ್ನುತ್ತಾರೆ. ಅದರಿಂದ ನಿಜವಾದ ಅಳುವನ್ನು ಯಾರೂ ನಂಬುವುದಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸಹ ಸುಮ್ಮನೆ ನೋಡಿದರು.

ಎಜೆ ಓಡಿಬಂದು ಕಾರಿನ ಬಾಗಿಲು ಹಿಡಿದರು. ಒಳಗಿನವನು ಬಾಗಿಲೆಳೆದ. ಮಣಿಕಟ್ಟು ನಡುವೆ ಸಿಕ್ಕಿ ಮುರಿದ ಸದ್ದು ಗೇಟಿನ ಬಳಿ ನಿಂತಿದ್ದ ನನಗೂ ಕೇಳಿಸಿತು. ಕಾರು ಹೊರಟಿತು, ಎಜೆಯನ್ನು ಎಳೆದುಕೊಂಡೇ. ಮೊಣಕಾಲಿನ ಚರ್ಮ ಜಲ್ಲಿಕಲ್ಲಿಗೆ ಸುಲಿದು ಹೋಯಿತು. ಸೇತುವೆಯ ಹತ್ತಿರ ಕಾರು ನಿಂತಿತು.

"ಎಜೆ ಸತ್ತುಹೋಗ್ತಾರೆ ಕಣೋ! ಒಳಗೆ ಹಾಕ್ಕೋ," ಎಂದ ಒಬ್ಬ.

"ನಂಗೆ ಪಾಠ ಹೇಳಿದೋರು ಮಾರಾಯ. ಎಜೆ, ಸ್ವಲ್ಪ ಆಕಡೆ ಸರ್ಕೊಳ್ಳಿ."

ನಾಲ್ವರಲ್ಲಿ ಮೂವರು ಎಜೆಯ ಹಳೆಯ ವಿದ್ಯಾರ್ಥಿಗಳು. ಮದುಮಗ ಕುಬಾತ್ ಪಕ್ಕದ ಹಳ್ಳಿಯವನು, ಟ್ರ್ಯಾಕ್ಟರ್ ಓಡಿಸುವವನು. ದಾರಿಯಲ್ಲಿ ಅವನು ಫೋನ್ ತೋರಿಸಿದ. ಬೇಗಿಮಾಯ್‌ಯ ಹೆಸರಿನಲ್ಲಿ ಸಂದೇಶ ಬಂದಿತ್ತು: ನಾಳೆ ಶಾಲೆ ಬಿಟ್ಟ ಮೇಲೆ ಬಾ. ನಾನು ಎಷ್ಟು ಅತ್ತರೂ ಬಿಡಬೇಡ.

"ನಾನು ಬರೆದಿಲ್ಲ!" ಎಂದು ಅವಳು ಕಿರುಚಿದಳು.

"ನೋಡಿದ್ರಾ ಎಜೆ? ಹಿಂಗೇ ಅಂತಾಳೆ ಅಂತ ಅವಳೇ ಬರೆದಿದ್ದಾಳೆ."

ಕುಬಾತ್‌ನ ಮನೆಯಲ್ಲಿ ಹೆಂಗಸರು ಬಿಳಿ ವಸ್ತ್ರ ಹಿಡಿದು ಕಾದಿದ್ದರು. ಅದನ್ನು ಹುಡುಗಿಯ ತಲೆಗೆ ಕಟ್ಟಿದರೆ ಮದುವೆ ಮುಗಿದಂತೆ. ಒಬ್ಬಳು ಬೇಗಿಮಾಯ್‌ಯ ಜಡೆ ಹಿಡಿದಳು, ಇಬ್ಬರು ಕೈ ತಿರುಚಿದರು. ವಸ್ತ್ರ ಕಟ್ಟಿದಾಗಲೆಲ್ಲ ಅವಳು ತಲೆಯನ್ನು ಗೋಡೆಗೆ ಬಡಿದು ಬೀಳಿಸಿದಳು. ಅವಳ ಹಣೆ ಒಡೆದು ವಸ್ತ್ರ ಕೆಂಪಾಯಿತು. ಕುಬಾತ್‌ನ ಅಜ್ಜಿ ಹೊಸಿಲಿಗೆ ಅಡ್ಡಲಾಗಿ ಮಲಗಿದಳು. ಮಲಗಿದ ಮುದುಕಿಯನ್ನು ದಾಟಿ ಹೋದ ಹೆಣ್ಣಿಗೆ ಶಾಪ ತಟ್ಟುತ್ತದೆ.

ಎಜೆ ಮುರಿದ ಕೈಯನ್ನು ಎದೆಗೊತ್ತಿಕೊಂಡು ಹೊಸಿಲ ಬಳಿ ಕುಳಿತರು. ಅಜ್ಜಿಯನ್ನು ಮೆಲ್ಲಗೆ ಕೇಳಿದರು.

"ಅಜ್ಜಿ, ಈ ಹುಡುಗಿ ಯಾವ ಕುಲದವಳು, ಗೊತ್ತಾ?"

"ಅಯ್ಯೋ, ಗೊತ್ತಿಲ್ದೆ ಏನು? ಬೈತೂರ್ ವಂಶ! ಆಕಡೆಯೋರನ್ನ ಯಾರನ್ನ ಕೇಳಿದ್ರೂ ಹೇಳ್ತಾರೆ."

"ಕುಬಾತ್, ನಿನ್ನ ಫೋನ್ ಕೊಡು."

ಅವನು ಅನುಮಾನಿಸುತ್ತಲೇ ಕೊಟ್ಟ. ಎಜೆ ಎಡಗೈಯಲ್ಲಿ ಬೇಗಿಮಾಯ್‌ಯ ಹೆಸರು ಒತ್ತಿದರು, ಕೆಳಗೆ ಬೈತೂರ್ ಎಂದು ಒತ್ತಿದರು. ಅವಳ ಖಾತೆ ತೆರೆದುಕೊಂಡಿತು. ಎಜೆ ಫೋನನ್ನು ಕೋಣೆಯಲ್ಲಿದ್ದ ಎಲ್ಲರ ಕಡೆ ತಿರುಗಿಸಿದರು.

"ನೋಡ್ರಮ್ಮ, ಈಗ ನಾನೇ ಬೇಗಿಮಾಯ್. ನಿಮ್ಮಜ್ಜಿಯೂ ಬೇಗಿಮಾಯ್ ಆಗಬಹುದು. ಅವಳ ಕುಲದ ಯಾವ ಹುಡುಗ ಬೇಕಾದ್ರೂ ಆಗಬಹುದು. ಆ ಮಾತು ಯಾರು ಬರೆದದ್ದು ಅಂತ ಈಗ ಹೇಳು ಕುಬಾತ್."

ಕುಬಾತ್ ಫೋನ್ ತೆಗೆದುಕೊಂಡು ನೋಡಿದ. "ಮಿರ್ಲಾನ್," ಎಂದ. "ನಿಂಗೆ ಅವಳು ಇಷ್ಟ ಇದ್ರೆ ನಾನು ಹೊಂದಿಸ್ತೀನಿ ಅಂದಿದ್ದ. ತಮಾಷೆ ಮಾಡ್ತಾನೆ ಅನ್ಕೊಂಡಿದ್ದೆ. ನನ್ನನ್ನ ಕತ್ತೆ ಮಾಡಿಬಿಟ್ಟ." ಮರುದಿನ ಅವನೇ ಹೋಗಿ ಮಿರ್ಲಾನ್‌ನ ದವಡೆ ಮುರಿದ. ಅದು ಬೇರೆ ಮಾತು.

ಅಜ್ಜಿ ಮಾತ್ರ ಏಳಲಿಲ್ಲ. "ಯಾರು ಬರೆದ್ರೇನು? ಹುಡುಗಿ ಒಳಗೆ ಬಂದಾಯ್ತು. ಈಗ ಹೊರಗೆ ಹೋದ್ರೆ ಅವಳನ್ನ ಯಾವನು ಕಟ್ಕೊಳ್ತಾನೆ? ಒಳ್ಳೇದಕ್ಕೇ ಹೇಳ್ತಿದ್ದೀನಿ."

ಹೆಂಗಸರ ಹಿಡಿತ ಸಡಿಲಾಗಿತ್ತು. ಬೇಗಿಮಾಯ್ ಬಾಗಿಲಿಗೆ ಬಂದು ಅಜ್ಜಿಯನ್ನು ನೋಡಿದಳು. "ಏಳಜ್ಜಿ," ಎಂದಳು. ಅಜ್ಜಿ ಕಣ್ಣು ಮುಚ್ಚಿದಳು. ಬೇಗಿಮಾಯ್ ಕಾಲೆತ್ತಿ ದಾಟಿದಳು. ಅಜ್ಜಿ ಅವಳ ಪಾದವನ್ನು ಎರಡೂ ಕೈಯಿಂದ ಹಿಡಿದಳು. ಹುಡುಗಿ ಒದ್ದಳು. ಮುದುಕಿಯ ತುಟಿ ಸೀಳಿತು. ಹಿಂದಿನಿಂದ ಶಾಪಗಳು ಬಂದವು, ನೀರಿನ ಚೊಂಬೂ ಬಂದು ಎಜೆಯ ಬೆನ್ನಿಗೆ ಬಡಿಯಿತು.

ಅಂಗಳದಲ್ಲಿ ಎಸೆನ್ ನಿಂತಿದ್ದ. ಕುಬಾತ್‌ನ ಚಿಕ್ಕಪ್ಪಂದಿರು ಆಗಲೇ ಕುರಿಯೊಂದನ್ನು ಒಯ್ದು ಅವನಲ್ಲಿ ಕ್ಷಮೆ ಕೇಳಿದ್ದರು, ಅವನು ಮದುವೆಗೆ ಒಪ್ಪಿದ್ದ.

"ಕುರಿ ಕೊಯ್ದಾಯ್ತು. ಒಳಗೆ ನಡಿ."

"ನಾನು ಬರೆದಿಲ್ಲಪ್ಪ."

"ನಡಿ ಅಂದೆ."

"ಹೋಗಲ್ಲ."

ಅವನು ಹೊಡೆದ. ಅವಳು ಬಿದ್ದು ಎದ್ದಳು. ಮತ್ತೆ ಹೊಡೆದ. ಮತ್ತೆ ಎದ್ದಳು. ಎಜೆ ನಡುವೆ ಬಂದಾಗ ಅವರಿಗೂ ಬಿತ್ತು. ಕೊನೆಗೆ ಕುಬಾತನೇ ಬಂದು ಎಸೆನ್‌ನ ರಟ್ಟೆ ಹಿಡಿದ.

"ಬಿಡಿ ಮಾವ... ಅಲ್ಲ, ಅಣ್ಣ. ನಂಗೆ ಬೇಡ."

"ನನ್ನ ಮನೆಗೂ ಬರಬೇಡ," ಎಂದು ಎಸೆನ್ ಮಗಳ ಕಡೆ ಉಗಿದು ಹೋದ.

ಆ ಸಂಜೆ ಮನೆಯಲ್ಲಿ ನಾನು ಎಜೆಯ ಮಣಿಕಟ್ಟಿಗೆ ಹಲಗೆ ಇಟ್ಟು ಕಟ್ಟುತ್ತಿದ್ದೆ. ಬೇಗಿಮಾಯ್ ಹಳೆಯ ಹಾಸಿಗೆ ಬಟ್ಟೆಯನ್ನು ಹರಿದು ಪಟ್ಟಿ ಮಾಡಿ ಕೊಡುತ್ತಿದ್ದಳು. ಅವಳ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು.

"ಎಲ್ಲಿಗೆ ಹೋಗ್ತೀಯಮ್ಮ?" ಎಜೆ ಕೇಳಿದರು.

"ನಾಳೆ ನಿಮ್ಮ ಪಿರಿಯಡ್ ಇದ್ಯಲ್ಲ ಎಜೆ," ಎಂದಳು ಅವಳು. "ಶಾಲೆಗೆ."

ನಾನು ಮೂರನೆಯ ಹಾಸಿಗೆ ಹಾಸಿದೆ.